10.8 ಕೆಜಿ ರೋಡ್ ಬೈಕು, ದೇವಿಮನೆ ಘಾಟು ಮತ್ತು ತೂಕದ ತಲೆಬಿಸಿ

ರೋಡ್ ಬೈಕ್ ಕಂಡ ಕೂಡ್ಲೆ ಜನ ಮಾಡೋದು ಒಂದೇ ಕೆಲಸ, ಮೇಲಿನ ಪೈಪಿನ ಕೆಳಗೆ ಎರಡು ಬೆರಳು ಹಾಕಿ ಎತ್ತಿ ನೋಡೋದು. ಆಮೇಲೆ "ಎಷ್ಟು ಕೆಜಿ?" ಅಂತ ಕೇಳೋದು. ಎಂಟು ಅಂದ್ರೆ ಕಣ್ಣರಳಿಸ್ತಾರೆ, ಹನ್ನೊಂದರ ಹತ್ರ ಅಂದ್ರೆ ಮುಖ ಸಣ್ಣ ಮಾಡಿ "ಹಂಗಾದ್ರೆ ಸ್ವಲ್ಪ ಭಾರಾನೇ" ಅಂತಾರೆ. ನಮ್ಮ ಶಿರಸಿ ಕಡೆ ಈಗ ಬೆಳಿಗ್ಗೆ ಸೈಕಲ್ ಹೊಡೆಯೋರು ಸುಮಾರು ಜನ ಆಗಿದಾರೆ, ಹೊಸಾದು ತಗೊಳ್ಳೋಕೆ ಹೊರಟವರು ಫೋನ್ ಮಾಡಿ ಕೇಳೋದೂ ಇದೇ ಪ್ರಶ್ನೆ, ಅಲ್ಯೂಮಿನಿಯಂ ತಗೊಳ್ಲಾ ಕಾರ್ಬನ್ ತಗೊಳ್ಲಾ, ಎರಡು ಕೆಜಿ ಕಮ್ಮಿ ಆಗ್ತದಂತೆ, ಇನ್ನೊಂದು ಅರವತ್ತು ಸಾವಿರ ಹಾಕಿದ್ರೆ ಆಯ್ತಲ್ಲ ಅಂತ. ಹಂಗಾಗಿ ನಾನು ಓಡಿಸ್ತಾ ಇರೋ ಸೈಕಲ್ ಬಗ್ಗೆ ಒಂದು ರಿವ್ಯೂ ಬರೆದುಬಿಡೋಣ, ತೂಕದ ವಿಷಯಾನೂ ಅದ್ರಲ್ಲೇ ಬರ್ತದೆ.

ಸೈಕಲ್ ಸೆಕೆಂಡ್ ಹ್ಯಾಂಡು. ಹುಬ್ಬಳ್ಳಿಯಲ್ಲಿ ಒಬ್ರು ಇಂಜಿನಿಯರ್ ಹತ್ರ ತಗೊಂಡಿದ್ದು, ಅವ್ರು ಅದಕ್ಕೂ ಮುಂಚೆ ಪೌಡರ್ ಕೋಟಿಂಗ್ ಮಾಡ್ಸಿ ಇಡೀ ಫ್ರೇಮಿಗೆ ಮ್ಯಾಟ್ ಬೂದು ಬಣ್ಣ ಹೊಡೆಸಿದ್ರು, ಸ್ಟಿಕ್ಕರ್ ಒಂದೂ ಉಳಿದಿಲ್ಲ, ಹಂಗಾಗಿ ಯಾವ ಕಂಪನಿ ಅಂತ ಕೇಳ್ಬೇಡಿ, ಉಪಯೋಗಾನೂ ಇಲ್ಲ. ಇರೋದು ಏನೇನು ಅಂದ್ರೆ: ಅಲ್ಯೂಮಿನಿಯಂ ಫ್ರೇಮು, ಕಾರ್ಬನ್ ಫೋರ್ಕು, ಶಿಮಾನೋ ಸೋರಾ ಗ್ರೂಪ್‌ಸೆಟ್, ಅಂದ್ರೆ ಗೇರಿನ ಸಾಮಾನಿನ ಸೆಟ್ಟು, ಮುಂದೆ 50 ಮತ್ತು 34 ಹಲ್ಲಿನ ಎರಡು ಚಕ್ರ, ಹಿಂದೆ 11ರಿಂದ 32 ಹಲ್ಲಿನ ತನಕ ಒಂಬತ್ತು ಗೇರಿನ ಗೊಂಚಲು, ಅದಕ್ಕೆ ಕ್ಯಾಸೆಟ್ ಅಂತಾರೆ, ಕೇಬಲ್ಲಿನ ಡಿಸ್ಕ್ ಬ್ರೇಕು, 28 ಎಂಎಂ ಟೈರು. ಮಡ್‌ಗಾರ್ಡ್ ಮತ್ತೆ ಹಿಂದೆ ಕ್ಯಾರಿಯರ್ ಕೂರ್ಸೋಕೆ ಬೋಲ್ಟಿನ ತೂತು ಉಂಟು. ಈ ಕಡೆಯವರಿಗೆ ಅದು ದೊಡ್ಡ ವಿಷ್ಯ, ಕೆಳಗೆ ಹೇಳ್ತೆ.

ತೂಕ ಮಾಡಿದ್ದು ಅಡಿಕೆ ತೂಗೋ ಎಲೆಕ್ಟ್ರಾನಿಕ್ ಮಷಿನ್ ಮೇಲೆ. ಸೈಕಲ್ ನೆಟ್ಟಗೆ ನಿಲ್ಲೋದಿಲ್ಲ ಅದ್ರ ಮೇಲೆ, ನಾನು ಎತ್ಕೊಂಡು ನಿಂತೆ, ಆಮೇಲೆ ಬರಿ ನಾನೊಬ್ನೇ ನಿಂತೆ, ಕಳೆದ್ರೆ ಬಂದಿದ್ದು 10.8 ಕೆಜಿ, ಪೆಡಲ್ಲು, ಬಾಟಲಿ ಹಿಡಿಯೋ ಕೇಜು ಎಲ್ಲಾ ಸೇರಿ. ಇಲ್ಲೊಂದು ಮಾತು, ಕಂಪನಿಯೋರು ವೆಬ್‌ಸೈಟಲ್ಲಿ ಹಾಕೋ ತೂಕ ಸಾಮಾನ್ಯವಾಗಿ ಪೆಡಲ್ ಬಿಟ್ಟು ಇರ್ತದೆ, ಅದೂ ಮೀಡಿಯಮ್ಮೋ ಸ್ಮಾಲೋ ಸೈಜಿಂದು. ಪೆಡಲ್ ಜೋಡಿನೇ ಮುನ್ನೂರು ಗ್ರಾಂ ಮೇಲೆ ಹೋಗ್ತದೆ. ಅಲ್ಲಿ 9.9 ಅಂತ ಓದ್ಕೊಂಡು ಹೋದವರ ಮನೆಗೆ ಬಂದು ಕೂರೋದು ಹತ್ತೂವರೆಯೇ. ಮಷಿನ್ ಪಕ್ಕ ನಿಂತು ನೋಡ್ತಾ ಇದ್ದ ದೊಡ್ಡಪ್ಪ, "ತಮಾ, ಸ್ಟ್ಯಾಂಡೂ ಇಲ್ಲೆ, ಕ್ಯಾರಿಯರೂ ಇಲ್ಲೆ, ಬೆಲ್ಲೂ ಇಲ್ಲೆ, ಇನ್ನೂ ಎಂತದಾ ತೂಕ ಇಳಿಸದು?" ಅಂದ್ರು. ಉತ್ರ ಇರ್ಲಿಲ್ಲ.

ಹೋಲಿಸಿ ನೋಡೋಕೆ ಇನ್ನೊಂದು ಸೈಕಲ್ಲೂ ಸಿಕ್ತು. ನಮ್ಮ ಭಾವ ಬೆಂಗ್ಳೂರಲ್ಲಿ ಇರೋದು, ಅವನ ಹಳೇ ರೇಸ್ ಸೈಕಲ್, ಪೂರ್ತಿ ಕಾರ್ಬನ್ನು, ಅಲ್ಲಿ ಅಪಾರ್ಟ್‌ಮೆಂಟಲ್ಲಿ ಜಾಗ ಇಲ್ಲ ಅಂತ ನಮ್ಮನೆ ಅಟ್ಟದ ಮೇಲೆ ಇಟ್ಟಿದಾನೆ, ಬಂದಾಗ ಅವ್ನು ಹೊಡಿತಾನೆ, ಇಲ್ದಾಗ ನಾನು. ಅದೇ ಮಷಿನ್ ಮೇಲೆ ಅದೇ ಪೆಡಲ್ ಹಾಕಿ ತೂಗಿದ್ರೆ 8.3. ಅಂದ್ರೆ ಎರಡೂವರೆ ಕೆಜಿ ಫರಕು. ಎತ್ತಿದ್ರೆ ಗೊತ್ತಾಗ್ತದೆ, ಸುಳ್ಳು ಹೇಳೋದಿಲ್ಲ, ಒಂದು ಕೈಯಲ್ಲಿ ಗಾಳಿಪಟ ಎತ್ತಿದ ಹಂಗೆ ಬರ್ತದೆ. ಆದ್ರೆ ಆ ಸೈಕಲ್ಲಿನ ಗೇರು ಮುಂದೆ 53/39, ಹಿಂದೆ 11–25, ಚಕ್ರದ ಅಂಚನ್ನೇ ಹಿಡಿಯೋ ರಿಮ್ ಬ್ರೇಕು, 25 ಎಂಎಂ ಟೈರು. ಈ ಸಾಲು ನೆನಪಲ್ಲಿ ಇಟ್ಕಳಿ.

ಈಗ ಲೆಕ್ಕಕ್ಕೆ ಬರೋಣ, ಯಾಕಂದ್ರೆ ತೂಕದ ಬಗ್ಗೆ ಎಲ್ಲರೂ ಅಂದಾಜಲ್ಲಿ ಮಾತಾಡ್ತಾರೆ, ಒಬ್ರೂ ಲೆಕ್ಕ ಹಾಕೋದಿಲ್ಲ. ಶಿರಸಿ ಸಮುದ್ರ ಮಟ್ಟದಿಂದ 590 ಮೀಟರ್ ಆಸುಪಾಸು ಎತ್ತರದಲ್ಲಿ ಇದೆ, ಕುಮಟಾ ಸಮುದ್ರದ ಬುಡದಲ್ಲಿ. ಕುಮಟಾಕ್ಕೆ ಹೋಗಿ ಮೀನೂಟ ಮಾಡೋರು ಮಾಡ್ಕೊಂಡು, ಎಳನೀರು ಕುಡಿಯೋರು ಕುಡ್ಕೊಂಡು ವಾಪಸ್ ಬರೋದಾದ್ರೆ ಕತಗಾಲ ದಾಟಿದ ಮೇಲೆ ದೇವಿಮನೆ ಘಾಟು ಹತ್ತಲೇಬೇಕು. ಲೆಕ್ಕಕ್ಕೆ ಸುಲಭ ಆಗ್ಲಿ ಅಂತ 500 ಮೀಟರ್ ಏರು ಅಂತ ಇಟ್ಕಳಿ. ಒಂದು ಕೆಜಿ ಸಾಮಾನನ್ನ 500 ಮೀಟರ್ ಮೇಲೆ ಎತ್ತೋಕೆ ಬೇಕಾಗೋ ಶಕ್ತಿ ಸುಮಾರು 4900 ಜೂಲ್, ಹೈಸ್ಕೂಲಲ್ಲಿ ಕಲ್ತ ಎಂಜಿಎಚ್ಚೇ, ಕೆಜಿ, ಗುರುತ್ವದ 9.8, ಎತ್ತರ ಮೂರನ್ನೂ ಗುಣಿಸೋದು. ನನ್ನಂಥವ್ನು, ಅಂದ್ರೆ ವಾರಕ್ಕೆ ಮೂರ್ನಾಲ್ಕು ದಿನ ಸೈಕಲ್ ಹೊಡೆಯೋನು, ಘಾಟಲ್ಲಿ ಒಂದೇ ಸಮ 180 ವಾಟ್ ಹಾಕ್ತಾನೆ ಅಂತ ಇಟ್ಕಂಡ್ರೆ 4900 ಭಾಗಿಸು 180, ಇಪ್ಪತ್ತೇಳು ಸೆಕೆಂಡು. ಒಂದು ಕೆಜಿಗೆ ಇಪ್ಪತ್ತೇಳು ಸೆಕೆಂಡು, ಅಷ್ಟೇ. ಎರಡೂವರೆ ಕೆಜಿಗೆ ಒಂದು ನಿಮಿಷ ಎಂಟು ಸೆಕೆಂಡು.

ಪೂರ್ತಿ ಘಾಟು ಹತ್ತೋಕೆ ಎಷ್ಟು ಹೊತ್ತು? ನಾನು 74 ಕೆಜಿ, ಸೈಕಲ್ 10.8, ಎರಡು ಬಾಟಲಿ ನೀರು ಒಂದೂವರೆ ಕೆಜಿ, ಹೆಲ್ಮೆಟ್ಟು, ಶೂ, ಪಂಪು, ಸ್ಪೇರ್ ಟ್ಯೂಬು, ಬಟ್ಟೆ ಎಲ್ಲಾ ಒಂದೆರಡು ಕೆಜಿ, ಒಟ್ಟು 88 ದಾಟ್ತದೆ. ಅಷ್ಟನ್ನ ಎತ್ತೋಕೆ ಬರಿ ಏರಿನ ಲೆಕ್ಕದಲ್ಲೇ ನಲವತ್ತು ನಿಮಿಷ, ಟೈರಿನ ಎಳೆತ ಗಾಳಿ ಎಲ್ಲಾ ಸೇರಿದ್ರೆ ಇನ್ನೂ ಜಾಸ್ತಿ. ನಲವತ್ತು ಚಿಲ್ಲರೆ ನಿಮಿಷದಲ್ಲಿ ಒಂದು ನಿಮಿಷ. ರೇಸ್ ಮಾಡೋರಿಗೆ ಒಂದು ನಿಮಿಷ ಅಂದ್ರೆ ಆಕಾಶ ಭೂಮಿ, ಒಪ್ತೆ. ನಾವು ದೇವಿಮನೆ ದೇವಸ್ಥಾನದ ಹತ್ರ ಸೈಕಲ್ ಒರಗಿಸಿ ಕೂತು ಉಸಿರು ಬಿಡೋದೇ ಹತ್ತು ನಿಮಿಷ ಆಗ್ತದೆ ಮಾರಾಯ್ರೆ.

ಟಿವಿಯಲ್ಲಿ ಕಾಣೋ ಪ್ರೊಫೆಷನಲ್‌ಗಳ ಸೈಕಲ್ಲಿಗೂ ಒಂದು ಗೆರೆ ಹಾಕಿಟ್ಟಿದಾರೆ, ಅಂತಾರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಯುಸಿಐ 2000ದಲ್ಲಿ ನಿಯಮ ತಂತು, 6.8 ಕೆಜಿಗಿಂತ ಹಗುರ ಇರೋ ಹಂಗಿಲ್ಲ ಅಂತ. ಅವ್ರೋ, ಬೆಟ್ಟ ಹತ್ತೋರೆಲ್ಲ ಅರವತ್ತು ಕೆಜಿ ಆಸುಪಾಸಿನ ಮನುಷ್ಯರು, ನೀರು ಕೊಡೋಕೆ ಹಿಂದೆ ಕಾರು. ನಾವು ಕತಗಾಲದಲ್ಲಿ ಬಾಟಲಿ ತುಂಬ್ಸಿಕೊಂಡ್ರೆ ಒಂದೂವರೆ ಕೆಜಿ ಹೆಚ್ಚಿಗೆ ಹೊತ್ಕೊಂಡೇ ಹತ್ತೋದು, ಬೆವರು ಸುರಿಯೋ ಈ ಹವೆಯಲ್ಲಿ ನೀರು ಬಿಟ್ಟು ಹೋಗೋಕೆ ಆಗ್ತದಾ? ಸೀಟಿನ ಕೆಳಗೆ ಕಾರ್ಬನ್ ಸೀಟ್‌ಪೋಸ್ಟ್ ಹಾಕಿ ನೂರು ಗ್ರಾಂ ಉಳಿಸಿದವ್ರು ಮೇಲಿನ ಜೇಬಲ್ಲಿ ಎರಡು ಬಾಳೆಹಣ್ಣು ಇಟ್ಕೊಂಡು ಹೋಗೋದು ನೋಡಿ ನಗು ಬರ್ತದೆ.

ಈಗ ನೆನಪಲ್ಲಿ ಇಟ್ಕಳಿ ಅಂದ ಸಾಲಿಗೆ ಬರ್ತೆ, ಗೇರು. ನನ್ನ ಪ್ರಕಾರ ಇಡೀ ವಿಷಯದ ತಿರುಳು ಇಲ್ಲೇ ಇರೋದು, ಅಂಗಡಿಯಲ್ಲಿ ಇದನ್ನ ಯಾರೂ ಕೇಳೋದಿಲ್ಲ, ಯಾರೂ ಹೇಳೋದೂ ಇಲ್ಲ. ನನ್ನ ಸೈಕಲ್ಲಿನ ಅತಿ ಹಗುರ ಗೇರು ಮುಂದೆ 34 ಹಿಂದೆ 32, ಪೆಡಲ್ ಒಂದು ಸುತ್ತು ತಿರುಗಿದ್ರೆ ಚಕ್ರ ಒಂದು ಸುತ್ತಿಗಿಂತ ಚೂರು ಜಾಸ್ತಿ ತಿರುಗ್ತದೆ. ಭಾವನ ಕಾರ್ಬನ್ನಲ್ಲಿ ಅತಿ ಹಗುರ ಅಂದ್ರೆ 39–25, ಪೆಡಲ್ ಒಂದು ಸುತ್ತಿಗೆ ಚಕ್ರ ಒಂದೂವರೆ ಸುತ್ತು ದಾಟ್ತದೆ. ನಿಮಿಷಕ್ಕೆ ಅರವತ್ತು ಸಲ ಪೆಡಲ್ ತುಳಿತೀರಿ ಅಂತ ಇಟ್ಕಳಿ, ಅದಕ್ಕಿಂತ ಕಮ್ಮಿ ತುಳಿದ್ರೆ ಮೊಣಕಾಲು ಮಾತಾಡೋಕೆ ಶುರು ಮಾಡ್ತದೆ. ನನ್ನದ್ರಲ್ಲಿ ಆಗ ಸ್ಪೀಡು ಗಂಟೆಗೆ 8 ಕಿಮೀ, ಅವನದ್ರಲ್ಲಿ 11.8. ನೂರಕ್ಕೆ ಎಂಟರ ಏರು ಬಂತು ಅಂದ್ರೆ 8 ಕಿಮೀಲಿ ಹತ್ತೋಕೆ ನಂಗೆ 170 ವಾಟ್ ಒಳಗೇ ಸಾಕು. ಅದೇ ನಾನು ಅವನ ಹಗುರ ಸೈಕಲ್ಲಲ್ಲಿ ಅದೇ ಅರವತ್ತರ ತುಳಿತದಲ್ಲಿ ಹತ್ತಬೇಕಂದ್ರೆ 240 ವಾಟ್ ಹತ್ರ ಬೇಕು! ಎರಡೂವರೆ ಕೆಜಿ ಕಮ್ಮಿ ಇದ್ದೂನೂ. ಅಷ್ಟು ಹಾಕೋಕೆ ನನ್ನಿಂದ ಆಗೋದಿಲ್ಲ, ಅವನಿಂದಾನೂ ಆಗೋದಿಲ್ಲ, ಆಗೋದು ಏನಂದ್ರೆ ಪೆಡಲ್ ನಲವತ್ತೈದಕ್ಕೆ ಇಳಿದು, ಸೀಟಿಂದ ಎದ್ದು ನಿಂತು, ಹ್ಯಾಂಡಲ್ ಎಡಕ್ಕೆ ಬಲಕ್ಕೆ ಜಗ್ತಾ, ತಿರುವಿನ ಒಳಗಿನ ಕಡಿದಾದ ಜಾಗ ಬಿಟ್ಟು ರಸ್ತೆ ಮಧ್ಯಕ್ಕೆ ಬಂದು, ಹಿಂದಿಂದ ಬರೋ ಟ್ಯಾಂಕರ್ ಹಾರ್ನ್ ಹೊಡೆದು... ಭಾವ ಕಳೆದ ಸಲ ಬಂದಾಗ ಅರ್ಧ ಘಾಟಿಗೆ ಇಳಿದು ತಳ್ಕೊಂಡು ಬಂದ. ಮೇಲೆ ಬಂದವ್ನು "ಸೈಕಲ್ ಹಗುರ ಇದ್ದಿದ್ದಕ್ಕೆ ತಳ್ಳೋಕೆ ಆರಾಮಾಯ್ತು" ಅಂದ, ಅವನ ಜೋಕಿಗೆ ಅವನೇ ನಕ್ಕ.

ಹಂಗಾಗಿ ಮಲೆನಾಡಲ್ಲಿ ಇರೋರು, ದೇವಿಮನೆ, ಅರಬೈಲು, ಅಣಶಿ, ಗೇರುಸೊಪ್ಪೆ ಕಡೆ ಘಾಟು ಹತ್ತೋರು ಅಂಗಡಿಯಲ್ಲಿ ಕೇಳ್ಬೇಕಾದ ಮೊದಲನೇ ಪ್ರಶ್ನೆ "ಹಿಂದಿನ ದೊಡ್ಡ ಹಲ್ಲು ಎಷ್ಟು, ಮುಂದಿನ ಸಣ್ಣದು ಎಷ್ಟು". ಮುಂದಿನ 34ಕ್ಕೆ ಹಿಂದೆ 32 ಅಥವಾ 34 ಇದ್ರೆ ಒಳ್ಳೇದು. ಸೋರಾಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಶಿಮಾನೋ ಕ್ಲಾರಿಸಲ್ಲೂ ಉದ್ದ ಕೇಜಿನ ಡೆರೇಲರ್, ಅಂದ್ರೆ ಹಿಂದೆ ಚೈನನ್ನ ಗೇರಿಂದ ಗೇರಿಗೆ ದಾಟಿಸೋ ಭಾಗ, ಹಾಕಿದ್ರೆ 34ರ ತನಕ ಹೋಗ್ತದೆ, ಎಂಟೇ ಗೇರು, ಆದ್ರೂ ಸಾಕು. ಕ್ಯಾಸೆಟ್ ಬದಲಾಯಿಸಿದ್ರೆ ಇನ್ನೂರು ಗ್ರಾಂ ಜಾಸ್ತಿ ಆಗ್ಬಹುದು, ಆಗ್ಲಿ ಬಿಡಿ.

ಘಾಟಿನ ಕಥೆ ಇಷ್ಟು. ಇನ್ನು ಕರಾವಳಿ. ಕುಮಟಾದಿಂದ ಅಂಕೋಲಾ, ಅಲ್ಲಿಂದ ಅವರ್ಸಾ, ಅಮದಳ್ಳಿ ಮೇಲೆ ಕಾರವಾರ, ಈಗ ಚತುಷ್ಪಥ ಆದ್ಮೇಲೆ ಹೈವೇ 66 ಸುಮಾರು ಸಪಾಟು, ಅಲ್ಲಲ್ಲಿ ಸಣ್ಣ ಏರು. ಇಲ್ಲಿ ತೂಕದ ಲೆಕ್ಕ ಇನ್ನೂ ತಮಾಷೆ. ಸಪಾಟು ರಸ್ತೆಯಲ್ಲಿ ಗಂಟೆಗೆ 30 ಕಿಮೀ ಹೋಗ್ತಾ ಇದ್ರೆ ಎರಡೂವರೆ ಕೆಜಿ ಹೆಚ್ಚಿಗೆ ತೂಕಕ್ಕೆ ಬೇಕಾಗೋದು ಸುಮಾರು ಒಂದು ವಾಟ್, ಅದೂ ಟೈರು ರಸ್ತೆಗೆ ಉಜ್ಜೋ ಲೆಕ್ಕದಲ್ಲಿ. ಉಳಿದಿದ್ದೆಲ್ಲ ಗಾಳಿ ತಿನ್ನೋದು. ಮಧ್ಯಾಹ್ನ ಆದ್ಮೇಲೆ ಸಮುದ್ರದ ಗಾಳಿ ಶುರು ಆಗ್ತದಲ್ಲ, ಕಾರವಾರದ ಕಡೆ ಮುಖ ಮಾಡಿ ಹೋಗೋರಿಗೆ ಅದು ಎಡಗಡೆಯಿಂದ ಓರೆಯಾಗಿ ಮುಖಕ್ಕೇ ಬಂದು ಹೊಡಿತದೆ. ನೇರ ಎದುರಿಂದ ಬರಿ 10 ಕಿಮೀ ಗಾಳಿ ಇದ್ರೂ ಅದೇ 30ರ ಸ್ಪೀಡ್ ಹಿಡಿಯೋಕೆ 80 ವಾಟ್ ಮೇಲೆ ಜಾಸ್ತಿ ಹಾಕ್ಬೇಕು. ಒಂದು ಕಡೆ ಒಂದು ವಾಟು, ಇನ್ನೊಂದು ಕಡೆ ಎಂಬತ್ತು. ಮೊಣಕೈ ಮಡ್ಚಿ, ಹ್ಯಾಂಡಲ್ಲಿನ ಕೆಳಗಿನ ಬಾಗಿದ ಭಾಗ ಹಿಡ್ಕೊಂಡು ಬಗ್ಗಿ ಹೋದ್ರೆ ಸಿಗೋ ಲಾಭ ಕಾರ್ಬನ್ ಫ್ರೇಮಿಂದ ಸಿಗೋದಿಲ್ಲ, ಅದು ಪುಕ್ಕಟೆ ಬೇರೆ. ಆದ್ರೆ ಹಂಗೆ ಬಗ್ಗಿ ಅರ್ಧ ಗಂಟೆ ಇರಬೇಕಂದ್ರೆ ಸೈಕಲ್ ನಿಮ್ಮ ಸೈಜಿಗೆ ಸರಿ ಇರ್ಬೇಕು. ಸೈಜು ತಪ್ಪಿದ ಏಳು ಕೆಜಿ ಸೈಕಲ್ಲಿಗಿಂತ ಸೈಜು ಕೂತ ಹನ್ನೊಂದು ಕೆಜಿದು ಸಾವಿರ ಪಾಲು ವಾಸಿ. ನನ್ನದು ಹ್ಯಾಂಡಲ್ ಸ್ವಲ್ಪ ಎತ್ತರಕ್ಕೇ ಇರೋದು, ಸೊಂಟದ ಪಾಡಿಗೆ ಒಳ್ಳೇದಾಯ್ತು, ಗಾಳಿಗೆ ಸ್ವಲ್ಪ ನಷ್ಟ.

ಟೈರಿನ ಬಗ್ಗೆ. ಕಾರ್ಬನ್ನಿನ 25ರ ಟೈರಿಗೆ ಭಾವ ನೂರು ಪಿಎಸ್‌ಐ ಗಾಳಿ ತುಂಬ್ತಾನೆ, ಕಲ್ಲಿನ ಹಂಗೆ ಗಟ್ಟಿ. ನಂದು 28, ನಾನು ತುಂಬೋದು ಎಪ್ಪತ್ತು ಎಪ್ಪತ್ತೈದು. ಒಂದೊಂದು ಟೈರಿಗೆ ಐವತ್ತು ಅರವತ್ತು ಗ್ರಾಂ ಜಾಸ್ತಿ ಇರ್ಬಹುದು. ಶಿರಸಿ–ಕುಮಟಾ ರಸ್ತೆ ಅಗಲ ಮಾಡೋ ಕೆಲಸ ನಡೆಯೋಕೆ ಶುರುವಾಗಿ ವರ್ಷಗಳೇ ಆಯ್ತು, ಒಂದು ಕಡೆ ಕಾಂಕ್ರೀಟು, ಇನ್ನೊಂದು ಕಡೆ ಜಲ್ಲಿ, ಮಧ್ಯೆ ಕೆಂಪು ಮಣ್ಣು ಕಂಡವರಿಗೆ ಗೊತ್ತು. ಆ ಜಲ್ಲಿ ಮೇಲೆ ಗಟ್ಟಿ ಟೈರು ಪುಟಿತದೆ, ಪುಟಿದಷ್ಟೂ ನೀವು ಹಾಕಿದ ಶಕ್ತಿ ಮುಂದೆ ಹೋಗೋದರ ಬದಲು ಮೇಲೆ ಕೆಳಗೆ ಕುಣಿಯೋದಕ್ಕೆ ಖರ್ಚಾಗ್ತದೆ. ಗಾಳಿ ಕಮ್ಮಿ ಇರೋ ಅಗಲದ ಟೈರು ಕಲ್ಲನ್ನ ನುಂಗ್ಕೊಂಡು ಹೋಗ್ತದೆ. ರಾಗಿಹೊಸಳ್ಳಿ ಆಚೆ ಒಂದು ಕಡೆ ಡಾಂಬರ್ ಕಿತ್ತು ಬರಿ ಕಲ್ಲು ಹಲ್ಲು ಬಿಟ್ಟಿದ್ದ ಜಾಗದಲ್ಲಿ ಎರಡೂ ಸೈಕಲ್ ಓಡಿಸಿದೆ, ಕಾರ್ಬನ್ನಲ್ಲಿ ಬಾಟಲಿ ಹಾರಿ ಗಟಾರಕ್ಕೆ ಬಿತ್ತು. ತೂಕ ಇಳಿಸ್ಲೇಬೇಕು ಅಂತ ಕೈ ತುರಿಸೋರಿಗೆ ಒಂದು ದಾರಿ ಹೇಳ್ತೆ, ಒಳಗಿನ ಟ್ಯೂಬು. ಸಾಮಾನ್ಯ ರಬ್ಬರ್ ಟ್ಯೂಬ್ ನೂರು ಗ್ರಾಂ ಆಸುಪಾಸು, ಈಗ ಬರೋ ಟಿಪಿಯು ಪ್ಲಾಸ್ಟಿಕ್ ಟ್ಯೂಬು ಮೂವತ್ತೈದು ನಲವತ್ತು. ಸ್ಪೇರ್ ಟ್ಯೂಬಾಗಿ ಸೀಟಿನ ಚೀಲದಲ್ಲಿ ಇಟ್ಕೊಳ್ಳೋಕೆ ಜಾಗ ಕಮ್ಮಿ ಅನ್ನೋದಕ್ಕೇ ನಾನು ತಗೊಂಡಿದ್ದು, ಪಂಕ್ಚರ್ ಹಾಕೋಕೆ ಮಾತ್ರ ಅದರದ್ದೇ ಬೇರೆ ಪ್ಯಾಚ್ ಬೇಕು, ಊರಿನ ಪಂಕ್ಚರ್ ಅಂಗಡಿಯ ಸೊಲ್ಯೂಷನ್ ಅದಕ್ಕೆ ಹಿಡಿಯೋದಿಲ್ಲ.

ನನ್ನ ಸೈಕಲ್ಲಿನ ಭಾರ ಎಲ್ಲಿ ಉಂಟು ಅಂತ ಕೇಳಿದ್ರೆ, ಚಕ್ರದಲ್ಲಿ. ಟೈರು ಟ್ಯೂಬು ಬಿಚ್ಚಿ ತೂಗಿದ್ರೆ ಎರಡೂ ಸೇರಿ ಎರಡು ಕೆಜಿ ದಾಟ್ತದೆ. ಸಿಗ್ನಲ್ಲು, ಹಂಪು, ರಸ್ತೆ ಮಧ್ಯ ಮಲಗಿರೋ ದನ, ಇವೆಲ್ಲ ಆದ್ಮೇಲೆ ಮತ್ತೆ ಸ್ಪೀಡ್ ಎತ್ತೋವಾಗ ಸ್ವಲ್ಪ ಸೋಮಾರಿ ಅನಿಸ್ತದೆ, ಯಾಕಂದ್ರೆ ರಿಮ್ಮಿನ ಅಂಚಲ್ಲಿರೋ ತೂಕವನ್ನ ಮುಂದಕ್ಕೂ ನೂಕ್ಬೇಕು, ತಿರುಗಿಸ್ಲೂ ಬೇಕು, ಹಂಗಾಗಿ ಸ್ಪೀಡ್ ಎತ್ತೋ ಹೊತ್ತಿಗೆ ಅದು ಎರಡರಷ್ಟು ತೂಕದ ಹಂಗೆ ನಡ್ಕೊಳ್ತದೆ. ಒಂದೇ ಸ್ಪೀಡಲ್ಲಿ ಘಾಟು ಹತ್ತೋವಾಗ ಮಾತ್ರ ಚಕ್ರದ ಒಂದು ಕೆಜಿಯೂ ಫ್ರೇಮಿನ ಒಂದು ಕೆಜಿಯೂ ಒಂದೇ. "ತಿರುಗೋ ತೂಕ" ಅಂತ ಭಾಷಣ ಮಾಡಿ ಚಕ್ರ ಮಾರೋರು ಈ ಎರಡನೇ ಅರ್ಧ ಹೇಳೋದಿಲ್ಲ.

ಬ್ರೇಕು ಈ ಸೈಕಲ್ಲಿನಲ್ಲಿ ನಂಗೆ ಬಹಳ ಇಷ್ಟವಾದ ಭಾಗ. ಡಿಸ್ಕ್ ಬ್ರೇಕಿನಿಂದ ರಿಮ್ ಬ್ರೇಕಿಗಿಂತ ಮುನ್ನೂರು ನಾಲ್ಕುನೂರು ಗ್ರಾಂ ಜಾಸ್ತಿ ಆಗ್ತದೆ, ತೂಕದ ಭಕ್ತರು ಬೈಯೋದು ಇದನ್ನೇ. ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಹುಯ್ಯೋ ಮಳೆ, ಘಾಟಲ್ಲಿ ಮಂಜು, ತಿರುವಲ್ಲಿ ಕೊಳೆತ ಎಲೆ, ರಸ್ತೆ ಅಂಚಿಗೆ ಹಾವಸೆ. ಇಂಥಲ್ಲಿ ಇಳಿತದಲ್ಲಿ ರಿಮ್ ಬ್ರೇಕ್ ಹಿಡಿದ್ರೆ ಮೊದ್ಲು ಒಂದೆರಡು ಸುತ್ತು ರಿಮ್ಮಿನ ಮೇಲಿನ ನೀರು ಒರೆಸೋದ್ರಲ್ಲೇ ಹೋಗ್ತದೆ, ಆಮೇಲೆ ಹಿಡಿಯೋದು. ಆ ಒಂದೆರಡು ಸುತ್ತಲ್ಲಿ ಎದುರಿಂದ ಬಸ್ ಬಂದ್ರೆ? ಡಿಸ್ಕ್ ಒದ್ದೆಯಾದ್ರೂ ಹಿಡಿತದೆ, ಮೊದಲ ಸಲಕ್ಕೆ ಕಿರ್ರ್ ಅಂತ ಇಡೀ ಕಾಡಿಗೆ ಕೇಳೋ ಹಂಗೆ ಕೂಗ್ತದೆ, ಕೂಗ್ಲಿ. ಕೇಬಲ್ ಬ್ರೇಕ್ ಆಗಿರೋದ್ರಿಂದ ಪ್ಯಾಡ್ ಸವೆದ ಹಂಗೆ ನಾವೇ ಟೈಟ್ ಮಾಡ್ತಾ ಇರ್ಬೇಕು, ಮಳೆಗಾಲದ ಕೆಸರು ಮಣ್ಣಲ್ಲಿ ಪ್ಯಾಡು ಬೆಣ್ಣೆ ಕರಗಿದಷ್ಟು ಬೇಗ ಹೋಗ್ತದೆ, ಒಂದು ಜೊತೆ ಯಾವಾಗ್ಲೂ ಮನೆಯಲ್ಲಿ ಇರ್ಲಿ. ಆಗ ಹೇಳಿದ ಮಡ್‌ಗಾರ್ಡ್ ತೂತೂ ಇಲ್ಲೇ ಬರೋದು. ಜೂನಿಂದ ಸೆಪ್ಟೆಂಬರ್ ತನಕ ಮಡ್‌ಗಾರ್ಡ್ ಇಲ್ದೆ ಹೋದ್ರೆ ಬೆನ್ನಿನ ಮೇಲೆ ಕೆಂಪು ಪಟ್ಟೆ, ಬಾಟಲಿಯ ಬಾಯಲ್ಲಿ ಸಗಣಿ ನೀರು. ಪೂರ್ತಿ ಮಡ್‌ಗಾರ್ಡ್ ಹಾಕಿದ್ರೆ ಇನ್ನೊಂದು ಅರ್ಧ ಕೆಜಿ. ನನ್ನ ಸೈಕಲ್ ಮಳೆಗಾಲದಲ್ಲಿ ಹನ್ನೊಂದು ಕಾಲು ತೂಗ್ತದೆ, ಖುಷಿಯಾಗಿ ತೂಗ್ತದೆ. ಭಾವನ ಕಾರ್ಬನ್ ಆ ನಾಲ್ಕು ತಿಂಗ್ಳು ಅಟ್ಟದ ಮೇಲೆ ಮಲಗಿರ್ತದೆ.

ಹಂಗಂತ ತೂಕ ಲೆಕ್ಕಕ್ಕೇ ಇಲ್ಲ ಅಂತ ನಾನು ಹೇಳ್ತಾ ಇಲ್ಲ. ಗೋಕರ್ಣದಿಂದ ತದಡಿಗೆ ಬಂದು ದೋಣಿಯಲ್ಲಿ ಅಘನಾಶಿನಿ ದಾಟಿ ಕುಮಟಾಕ್ಕೆ ಹೋಗೋ ದಾರಿ ಸೈಕಲ್ಲಿನವರಿಗೆ ಬಹಳ ಚಂದ, ಹೈವೇ ಲಾರಿಗಳ ಕಾಟ ಇಲ್ಲ. ಸಮುದ್ರದ ನೀರು ಇಳಿದ ಹೊತ್ತಲ್ಲಿ ದೋಣಿ ಕೆಳಗೆ ಇಳಿದಿರ್ತದೆ, ಮೆಟ್ಟಿಲಲ್ಲಿ ಜಾರಿಕೆ, ಪೆಡಲ್ಲಿಗೆ ಕಚ್ಚೋ ಕ್ಲೀಟ್ ಹಾಕಿದ ಶೂ, ಒಂದು ಕೈಯಲ್ಲಿ ಸೈಕಲ್, ಇನ್ನೊಂದು ಕೈಯನ್ನ ದೋಣಿಯವ್ರು ಹಿಡ್ಕೊಂಡಿರ್ತಾರೆ, ಆ ಹೊತ್ತಲ್ಲಿ ಎರಡೂವರೆ ಕೆಜಿ ಅಂದ್ರೆ ಏನು ಅಂತ ಗೊತ್ತಾಗ್ತದೆ. "ಓಯ್, ಮುಂದಿನ ಚಕ್ರ ನನ್ ಕೈಗೆ ಕೊಡಿ, ನೀವು ಹಿಂದಿಂದು ಹಿಡೀರಿ" ಅಂದ್ರು ದೋಣಿಯವ್ರು, ಮೀನಿನ ಬುಟ್ಟಿ ಪಕ್ಕಕ್ಕೆ ಸರ್ಸಿ ಸೈಕಲ್ ಅಡ್ಡ ಮಲಗ್ಸಿದ್ರು. ಮನೆ ಮೂರನೇ ಮಾಳಿಗೆಯಲ್ಲಿ ಇರೋರು, ದಿನಾ ಹೆಗಲ ಮೇಲೆ ಹೊತ್ತು ಹತ್ತಬೇಕಾದವ್ರು, ಕಾರಿನ ಮೇಲೆ ಕಟ್ಟಬೇಕಾದವ್ರು, ಇವರಿಗೆಲ್ಲ ತೂಕ ನಿಜವಾಗ್ಲೂ ಬೇಕಾದ ವಿಷಯ, ರಸ್ತೆಯಲ್ಲಿ ಓಡೋದಕ್ಕಿಂತ ಜಾಸ್ತಿ.

ಇನ್ನೊಂದು ಗುಂಪು ಉಂಟು, ಸಣ್ಣ ಮೈಕಟ್ಟಿನವರು. ನನ್ನ ಚಿಕ್ಕಪ್ಪನ ಮಗಳು ಕುಮಟಾದಲ್ಲಿ ಕಾಲೇಜು ಓದೋಳು, 48 ಕೆಜಿ. ನನ್ನ ಸೈಕಲ್ ನನ್ನ ಮೈತೂಕದ ಏಳನೇ ಒಂದು ಭಾಗ ಆದ್ರೆ ಅವಳಿಗೆ ಅದು ಐದನೇ ಒಂದು ಭಾಗದ ಮೇಲೆ. ಏರಲ್ಲಿ ಅವಳ ಕಾಲಿನ ಶಕ್ತಿಗೆ ಎರಡು ಕೆಜಿ ಕಮ್ಮಿ ಆದ್ರೆ ನನಗಿಂತ ಜಾಸ್ತಿ ಫರಕು ಬೀಳ್ತದೆ. ಅಂಥವರು ತೂಕಕ್ಕೆ ಸ್ವಲ್ಪ ದುಡ್ಡು ಹಾಕಿದ್ರೆ ದಂಡ ಅಲ್ಲ. ಆದ್ರೂ ಮೊದ್ಲು ಅವಳ ಸೈಜಿನ ಫ್ರೇಮು, ಸಣ್ಣ ಕೈಗೆ ನಿಲುಕೋ ಬ್ರೇಕ್ ಲಿವರ್ರು, 34ರ ಕ್ಯಾಸೆಟ್ಟು. ಇವಿಷ್ಟು ಆದ್ಮೇಲೆ ದುಡ್ಡು ಉಳಿದ್ರೆ ಗ್ರಾಂ ಎಣಿಸ್ಬಹುದು. ನನ್ನಂಥವರು ಎರಡೂವರೆ ಕೆಜಿ ಇಳಿಸೋಕೆ ಲಕ್ಷ ಖರ್ಚು ಮಾಡೋದಕ್ಕಿಂತ ಮದುವೆ ಮನೆಯಲ್ಲಿ ಹೋಳಿಗೆ ಮೂರನೇ ಸಲ ಬಂದಾಗ ಎಲೆ ಮೇಲೆ ಕೈ ಅಡ್ಡ ಹಿಡಿಯೋದು ವಾಸಿ, ಹೇಳಿದಷ್ಟು ಸುಲಭ ಅಲ್ಲ ಅದು, ಬಡಿಸೋರು ಬಿಡ್ಬೇಕಲ್ಲ.

ರಿಪೇರಿ. ಸೋರಾ ಒಂಬತ್ತು ಗೇರಿನ ಚೈನು, ಕ್ಯಾಸೆಟ್ಟು, ಕೇಬಲ್ಲು ಎಲ್ಲಾ ಹುಬ್ಬಳ್ಳಿಯಲ್ಲಿ ಸಿಗ್ತದೆ, ಇಲ್ದಿದ್ರೆ ಆನ್‌ಲೈನ್. ಮೇಲಿನ ಹನ್ನೊಂದು ಹನ್ನೆರಡು ಗೇರಿನ ಸೆಟ್ಟಿಗಿಂತ ಸಾಮಾನೂ ಅಗ್ಗ, ಚೈನೂ ದಪ್ಪ. ಸೋರಾದಿಂದ ಶಿಮಾನೋದ್ದೇ ಮೇಲಿನ ಸೆಟ್ಟು 105ಕ್ಕೆ ಹೋದ್ರೆ ಇಳಿಯೋದು ಕೆಲವೇ ನೂರು ಗ್ರಾಂ, ಗೇರ್ ಬೀಳೋದು ಇನ್ನಷ್ಟು ನಯ, ಅದು ಒಪ್ಪತಕ್ಕದ್ದೇ, ಆದ್ರೆ ಚೈನ್ ಬದಲಾಯಿಸೋವಾಗೆಲ್ಲ ಕಿಸೆ ಹಗುರ. ಹಗುರ ಸೈಕಲ್ಲುಗಳಲ್ಲಿ ಕೇಬಲ್ಲೆಲ್ಲ ಹ್ಯಾಂಡಲ್ ಒಳಗೆ, ಫ್ರೇಮ್ ಒಳಗೆ ತೂರ್ಸಿರ್ತಾರೆ, ನೋಡೋಕೆ ಚಂದ, ಕೇಬಲ್ ತುಂಡಾದ್ರೆ ನಮ್ಮೂರ ಸೈಕಲ್ ಶಾಪಿನ ಅಣ್ಣ ಕೈ ಮುಗಿತಾರೆ. ನನ್ನದ್ರ ಬ್ರೇಕ್ ಕೇಬಲ್ ಹೊರಗಡೆಯಿಂದಾನೇ ಹೋಗೋದು, ಒಂದು ಸಲ ತುಂಡಾದಾಗ ಅವ್ರೇ ಹತ್ತು ನಿಮಿಷದಲ್ಲಿ ಹಾಕಿ ಕೊಟ್ಟು ಚಾ ಕುಡ್ಸಿ ಕಳ್ಸಿದ್ರು.

ಕಾರವಾರ, ಅಂಕೋಲಾ ಕಡೆಯವರಿಗೆ ಒಂದು ಮಾತು ಬೇರೆ ಹೇಳ್ಬೇಕು, ಉಪ್ಪು. ಸಮುದ್ರದ ಪಕ್ಕ ಇಟ್ಟ ಸೈಕಲ್ಲಿನ ಬೋಲ್ಟು, ಚೈನು, ಕೇಬಲ್ಲು ಯಾವ್ದೇ ಸ್ಟೀಲಿಂದು ಇರ್ಲಿ ತುಕ್ಕು ಹಿಡಿಯೋದು ಬೇಗ. ಅಲ್ಯೂಮಿನಿಯಂ ಫ್ರೇಮು ತುಕ್ಕು ಹಿಡಿಯೋದಿಲ್ಲ ಅಂತ ನೆಮ್ಮದಿಯಾಗಿ ಇರ್ಬೇಡಿ, ಅದ್ರೊಳಗೆ ಸೀಟ್‌ಪೋಸ್ಟು ಗ್ರೀಸಿಲ್ದೆ ವರ್ಷಗಟ್ಲೆ ಇದ್ರೆ ಒಳಗೇ ಕಚ್ಕೊಂಡು ಬಿಡ್ತದೆ, ಆಮೇಲೆ ಸುತ್ತಿಗೆ ತಗೊಂಡ್ರೂ ಬರೋದಿಲ್ಲ. ಬೀಚಿಗೆ ಹೋಗಿ ಬಂದ್ರೆ ಸಿಹಿನೀರಲ್ಲಿ ತೊಳೆದು, ಒರೆಸಿ, ಚೈನಿಗೆ ಎಣ್ಣೆ. ಇದಕ್ಕೂ ತೂಕಕ್ಕೂ ಸಂಬಂಧ ಏನಪ್ಪಾ ಅಂದ್ರೆ, ಗ್ರಾಂ ಉಳಿಸೋಕೆ ಸಣ್ಣ ಸಣ್ಣ ಟೈಟಾನಿಯಂ, ಅಲ್ಯೂಮಿನಿಯಂ ಬೋಲ್ಟ್ ಸೆಟ್ ಮಾರ್ತಾರಲ್ಲ, ಉಪ್ಪಿನ ಹವೆಯಲ್ಲಿ ಅಲ್ಯೂಮಿನಿಯಂ ಬೋಲ್ಟ್ ಸ್ಟೀಲಿನ ಜೊತೆ ಕಚ್ಕೊಂಡು ತಲೆ ಮುರಿಯೋ ಸಾಧ್ಯತೆ ಜಾಸ್ತಿ, ಅದಕ್ಕೆ ದೂರ ಇರಿ.

ಈ ಸೈಕಲ್ಲಿಗೆ ಐದಕ್ಕೆ ನಾಲ್ಕು ಸ್ಟಾರ್. ಒಂದು ಕಮ್ಮಿ ಯಾಕಂದ್ರೆ ಆ ಚಕ್ರ, ಮತ್ತೆ ಮೂಲದ ಸೀಟು, ಅದರ ಬಗ್ಗೆ ಮರ್ಯಾದೆಯಿಂದ ಬರೆಯೋಕೆ ಆಗೋದಿಲ್ಲ, ಬದಲಾಯಿಸಿ ಆಯ್ತು. ಮುಂದೆ ದುಡ್ಡು ಬಂದ್ರೆ ಮೊದ್ಲು ಒಳ್ಳೆ ಟೈರು, 30 ಅಥವಾ 32, ಫೋರ್ಕಲ್ಲಿ ಜಾಗ ಉಂಟು ಅಂತ ಅಳೆದು ನೋಡಿದೀನಿ, ಆಮೇಲೆ ಬೇಕಾದ್ರೆ ಒಂದೂವರೆ ಕೆಜಿ ಆಸುಪಾಸಿನ ಅಲಾಯ್ ಚಕ್ರ. ಫ್ರೇಮ್ ಇದೇ ಇರ್ತದೆ.

ಸೆಕೆಂಡ್ ಹ್ಯಾಂಡ್ ನೋಡೋಕೆ ಹೋಗೋರು ಬೆರಳಲ್ಲಿ ಎತ್ತಿ ನೋಡೋದ್ರ ಬದಲು ಚೈನ್ ಎಷ್ಟು ಸವೆದಿದೆ ಅಂತ ಅಳೆಯೋ ಚೈನ್ ಗೇಜ್ ತಗೊಂಡು ಹೋಗಿ, ನೂರಿನ್ನೂರು ರೂಪಾಯಿಗೆ ಸಿಗ್ತದೆ, 0.75ರ ಕಡೆ ಪೂರ್ತಿ ಒಳಗೆ ಇಳೀತು ಅಂದ್ರೆ ಚೈನ್ ಜೊತೆಗೆ ಕ್ಯಾಸೆಟ್ಟೂ ಹೋಗಿರ್ತದೆ ಅಂತ ಇಟ್ಕೊಂಡು ಆ ದುಡ್ಡು ರೇಟಲ್ಲಿ ಕಡಿಮೆ ಮಾಡ್ಸಿ. ಚಕ್ರ ತಿರುಗಿಸಿ ಬ್ರೇಕಿನ ಹತ್ರ ಅಲ್ಲಾಡ್ತದಾ ನೋಡಿ. ಕಾರ್ಬನ್ ಆದ್ರೆ ಹಗಲು ಬೆಳಕಲ್ಲಿ ಫ್ರೇಮಿನ ಒಂದೊಂದು ಜಾಯಿಂಟನ್ನೂ ಬಟ್ಟೆಯಲ್ಲಿ ಒರೆಸಿ ಗೀರು, ಬಿರುಕು ಹುಡುಕಿ, ನಾಣ್ಯದಲ್ಲಿ ಮೆಲ್ಲಗೆ ಬಡಿದು ಕೇಳಿ, ಎಲ್ಲಾ ಕಡೆ ಟಣ್ ಅಂತ ಇದ್ದಿದ್ದು ಒಂದು ಕಡೆ ಮಾತ್ರ ಡಬ್ ಅಂದ್ರೆ ಎಷ್ಟೇ ಹಗುರ ಇರ್ಲಿ, ಎಷ್ಟೇ ಅಗ್ಗಕ್ಕೆ ಕೊಡ್ಲಿ, ಬಿಟ್ಟು ಬನ್ನಿ. ಪೆಡಲ್ ಬಿಚ್ಚಿ ಕೊಡ್ತೀನಿ ಅಂದ್ರೆ ಎಡಗಡೇದು ಉಲ್ಟಾ ಥ್ರೆಡ್ಡು, ಜೋರು ಮಾಡಿ ಕ್ರ್ಯಾಂಕ್ ಹಾಳು ಮಾಡೋಕೆ ಬಿಡ್ಬೇಡಿ.